ಪದಚರ್ಚೆ: ‘ಅಂಕ’, ‘ಪಾಯಿಂಟು’, ‘ಪರ್ಸೆಂಟೈಲ್’ ಎಲ್ಲಕ್ಕೂ ಒಂದೇ ಪದ ಸಾಕೆ?

ಪ್ರಶ್ನೆ, ಧಾರವಾಡದಿಂದ

ಎಲ್ಲರಿಗೂ ಶರಣು. ಸಪ್ತಾಪುರ, ಶ್ರೀನಗರದ ಕಡೆ ರೂಮು ಮಾಡಿಕೊಂಡು ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗಳಿಗೆ ಓದುವವರಿಗಾಗಿ ಕನ್ನಡದಲ್ಲೇ ಒಂದು ಜಾಲತಾಣ ತಯಾರಾಗುತ್ತಿದೆ. ಒಂದು ಕಡೆ ನೂರು ಪ್ರಶ್ನೆಗಳ ಅಣಕು ಪರೀಕ್ಷೆ. ಇನ್ನೊಂದು ಕಡೆ ಯಾರಾದರೂ ಪ್ರಶ್ನೆ ಕೇಳಬಹುದು, ಬಲ್ಲವರು ಉತ್ತರ ಬರೆಯಬಹುದು, ಓದಿದವರು ಮೆಚ್ಚಿ ವೋಟು ಹಾಕಬಹುದು. ಕರಡಿನಲ್ಲಿ ಎಲ್ಲ ಕಡೆಯೂ ‘ಅಂಕ’ವೇ ಕುಳಿತಿದೆ. “ನಿಮ್ಮ ಅಂಕ 84”, “ನಿಮ್ಮ ಅಂಕ 2,310”, “ನಿಮ್ಮ ಅಂಕ 96.5” ಮೂರೂ ಒಂದೇ ಪುಟದಲ್ಲಿವೆ. ಮೊದಲನೆಯದು ಪರೀಕ್ಷೆಯದು, ಎರಡನೆಯದು ಉತ್ತರ ಬರೆದು ಗಳಿಸಿದ್ದು, ಮೂರನೆಯದು ಪರ್ಸೆಂಟೈಲ್, ಅಂದರೆ ನೂರಕ್ಕೆ ಎಷ್ಟು ಜನ ನಿಮ್ಮಷ್ಟೇ ಅಥವಾ ನಿಮಗಿಂತ ಕೆಳಗಿದ್ದಾರೆ ಎಂಬ ಲೆಕ್ಕ. ಇವನ್ನು ಬೇರೆ ಬೇರೆ ಮಾಡಲು ಪದ ಬೇಕು. ತಪ್ಪು ಉತ್ತರಕ್ಕೆ ಕಳೆಯುವ ಅಂಕಕ್ಕೆ ಬಳಸುವ ‘ಋಣಾತ್ಮಕ ಅಂಕ’ ಎಂಬುದರ ಬಗ್ಗೆಯೂ ತಕರಾರಿದೆ. ಓದಿದವರಿಗೆ ಎಷ್ಟು ಕಡಿತವೆಂದು ಅದರಿಂದ ತಿಳಿಯುವುದಿಲ್ಲ.

ಉತ್ತರ, ಹುಬ್ಬಳ್ಳಿಯಿಂದ

ನಮ್ಮ ಕಡೆ ಯಾರಾದರೂ “ಎಂಬತ್ನಾಕ್ ಮಾರ್ಕ್ಸ್ ಬಿದ್ದಾವ್ರಿ” ಅಂದರೆ ಕೇಳಿದವರು ಕೂಡಲೇ “ಎಷ್ಟಕ್ಕ?” ಅನ್ನುತ್ತಾರೆ. ಆ ‘ಎಷ್ಟಕ್ಕ’ ಎಂಬುದಕ್ಕೆ ಉತ್ತರ ಇರುವಲ್ಲಿ ಮಾತ್ರ ‘ಅಂಕ’ ಬಳಸಿ. ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100, ಕೂಡಿಸಿದರೆ 625. ನೀಟ್ 720ಕ್ಕೆ, ಜೆಇಇ ಮೇನ್ 300ಕ್ಕೆ. ಪ್ರಶ್ನೋತ್ತರ ತಾಣದ 2,310ಕ್ಕೆ “ಎಷ್ಟಕ್ಕ?” ಎಂದು ಕೇಳಿದರೆ ಅರ್ಥವೇ ಇಲ್ಲ. ಅದು ಬೆಳೆಯುತ್ತಲೇ ಇರುವ ಮೊತ್ತ. ಅದನ್ನು ‘ಪಾಯಿಂಟು’ ಎನ್ನಿ, ಸಾಕು. ‘ಬಿಂದು’ ಎಂದು ಬರೆದರೆ ರೇಖಾಗಣಿತ ನೆನಪಾಗುತ್ತದೆಯೇ ಹೊರತು ಗಳಿಕೆಯಲ್ಲ.

ಇನ್ನು ಋಣಾತ್ಮಕ ಅಂಕ. ಪದಕ್ಕಿಂತ ವಾಕ್ಯದಲ್ಲೇ ತೊಡಕು ಹೆಚ್ಚು. “ಪ್ರತಿ ತಪ್ಪಿಗೆ ಮೂರನೇ ಒಂದು ಅಂಕ ಕಡಿತ” ಎಂದು ಬರೆದರೆ 0.33 ಹೋಗುತ್ತದೆ ಎಂದೇ ಓದುಗ ತಿಳಿಯುತ್ತಾನೆ. ಯುಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಯಲ್ಲಿ 100 ಪ್ರಶ್ನೆಗೆ 200 ಅಂಕ, ಅಂದರೆ ಪ್ರಶ್ನೆಗೆ ಎರಡು. ಅಲ್ಲಿ ತಪ್ಪಿಗೆ ಹೋಗುವುದು ಎರಡರ ಮೂರನೇ ಒಂದು, ಸುಮಾರು 0.66. ಎರಡನೇ ಪತ್ರಿಕೆ ಸಿಸ್ಯಾಟ್‌ನಲ್ಲಿ 80 ಪ್ರಶ್ನೆಗೆ 200, ಪ್ರಶ್ನೆಗೆ ಎರಡೂವರೆ, ಕಡಿತ 0.83. ಆದ್ದರಿಂದ “ತಪ್ಪು ಉತ್ತರಕ್ಕೆ ಆ ಪ್ರಶ್ನೆಗೆ ಇಟ್ಟ ಅಂಕದ ಮೂರನೇ ಒಂದು ಭಾಗವನ್ನು ಕಳೆಯಲಾಗುತ್ತದೆ” ಎಂದು ಪೂರ್ತಿ ಬರೆಯಿರಿ, ಪಕ್ಕದಲ್ಲಿ ಸಂಖ್ಯೆಯನ್ನೂ ಕೊಡಿ. ಶೀರ್ಷಿಕೆಗೆ ‘ತಪ್ಪಿಗೆ ಕಡಿತ’ ಸಾಕು. ಹುಡುಗರ ಬಾಯಲ್ಲಿ ಅದು ‘ಮೈನಸ್’, ಅದೂ ನಡೆಯುತ್ತದೆ.

ತಾಣ ಕಟ್ಟುವವರಿಗೆ ಇಲ್ಲೊಂದು ಕಿವಿಮಾತು. ಪ್ರತಿ ತಪ್ಪಿಗೂ 0.66 ಎಂದು ಮೊದಲೇ ಮೊಟಕು ಮಾಡಿ ಕಳೆಯುತ್ತ ಹೋದರೆ ಮೂರು ತಪ್ಪಿಗೆ 1.98 ಹೋಗುತ್ತದೆ, ಹೋಗಬೇಕಾದ್ದು 2. ಮೂವತ್ತು ತಪ್ಪಿದ್ದರೆ 0.2 ಅಂಕ ಸುಮ್ಮನೆ ಕೂಡಿಬಿಡುತ್ತದೆ. ಕಟಾಫ್ ಅಂಚಿನಲ್ಲಿ ಅದು ಜಗಳಕ್ಕೆ ಸಾಕು. ತಪ್ಪುಗಳನ್ನು ಮೊದಲು ಎಣಿಸಿ, ಒಮ್ಮೆಲೇ ಗುಣಿಸಿ, ಕೊನೆಗೆ ಮಾತ್ರ ದಶಮಾಂಶ ಮೊಟಕು ಮಾಡಬೇಕು.

ಕಾಲು ಭಾಗ, ಮೂರನೇ ಒಂದು ಭಾಗ ಎಂಬ ವ್ಯತ್ಯಾಸ ಸಣ್ಣದೆನಿಸುತ್ತದೆ, ಸಣ್ಣದಲ್ಲ. ನಾಲ್ಕು ಆಯ್ಕೆಗಳ, ಒಂದಂಕದ ಪ್ರಶ್ನೆಗಳನ್ನು ಏನೂ ಗೊತ್ತಿಲ್ಲದೆ ಅಂದಾಜಿನ ಮೇಲೆ ತುಂಬಿದರೆ ಸರಾಸರಿ ನಾಲ್ಕಕ್ಕೊಂದು ಸರಿಯಾಗುತ್ತದೆ. ಮೂರನೇ ಒಂದು ಕಡಿತವಿದ್ದರೆ 12 ಪ್ರಶ್ನೆಯಲ್ಲಿ 3 ಸರಿ, 9 ತಪ್ಪು. ಬಂದ ಮೂರೂ ಹೋದವು, ಉಳಿಕೆ ಸೊನ್ನೆ. ಕಾಲು ಭಾಗವಾದರೆ 16ರಲ್ಲಿ 4 ಸರಿ, 12 ತಪ್ಪಿಗೆ 3 ಕಡಿತ, ಒಂದಂಕ ಉಳಿಯಿತು. ಕೆಪಿಎಸ್‌ಸಿಯದು ಕಾಲು ಭಾಗದ ಲೆಕ್ಕ. ನೀಟ್‌ನ ‘ಸರಿಗೆ 4, ತಪ್ಪಿಗೆ 1’ ಕೂಡ ಕಾಲು ಭಾಗವೇ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲವನಿಗೆ ಮೂರನೇ ಒಂದರ ಲೆಕ್ಕದಲ್ಲೂ ಲಾಭವಿದೆ: 12ರಲ್ಲಿ 4 ಸರಿ, 8 ತಪ್ಪಿಗೆ 2.67 ಕಡಿತ, ಉಳಿಕೆ 1.33. ರಾಜ್ಯದ ಸಿಇಟಿಯಲ್ಲಿ ಕಡಿತವೇ ಇಲ್ಲದ್ದರಿಂದ ಅಲ್ಲಿ ಬಿಟ್ಟು ಬರುವುದೇ ನಷ್ಟ. ಹಾಗಾಗಿ ‘ಬಿಟ್ಟದ್ದು’ ಮತ್ತು ‘ತಪ್ಪಿದ್ದು’ ಎಂಬ ಎರಡು ಸಾಲು ಫಲಿತಾಂಶದಲ್ಲಿ ಪ್ರತ್ಯೇಕ ಇರಲೇಬೇಕು. ಉತ್ತರ ಹಾಳೆಯಲ್ಲಿ ಒಂದೇ ಪ್ರಶ್ನೆಗೆ ಎರಡು ಗೋಲ ತುಂಬಿದರೆ ಅದು ‘ತಪ್ಪು’, ಅವುಗಳಲ್ಲಿ ಒಂದು ಸರಿಯಿದ್ದರೂ ಕೂಡ.

ಉತ್ತರ, ಗದಗದಿಂದ

ಪರೀಕ್ಷೆಯ ಮಾತು ಸರಿ. ಪ್ರಶ್ನೋತ್ತರದ ಕಡೆ ‘ಪಾಯಿಂಟು’ ಅಂದಷ್ಟಕ್ಕೆ ಮುಗಿಯುವುದಿಲ್ಲ, ಅದು ಯಾವ ಬಗೆಯದು ನೋಡಬೇಕು. ಯಾಹೂ ಆನ್ಸರ್ಸ್ ಎಂಬ ಪ್ರಶ್ನೋತ್ತರ ತಾಣ 2021ರಲ್ಲಿ ಮುಚ್ಚುವ ತನಕ ಅಲ್ಲಿ ಪ್ರಶ್ನೆ ಕೇಳಲು 5 ಪಾಯಿಂಟು ಖರ್ಚಾಗುತ್ತಿತ್ತು, ಉತ್ತರ ಬರೆದಷ್ಟಕ್ಕೇ 2 ಸಿಗುತ್ತಿತ್ತು, ಅತ್ಯುತ್ತಮ ಉತ್ತರಕ್ಕೆ 10. ಬರೆದಷ್ಟಕ್ಕೇ ಕೊಟ್ಟರೆ “ನನಗೂ ಗೊತ್ತಿಲ್ಲ” ಎಂಬುದೂ ಉತ್ತರವಾಗುತ್ತದೆ. ಆ ದಾರಿ ಬೇಡ.

ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ಲೆಕ್ಕ ಬೇರೆ. ಬರೆದದ್ದಕ್ಕೆ ಏನೂ ಇಲ್ಲ. ಇತರರು ಮೆಚ್ಚಿ ಹಾಕಿದ ಒಂದು ವೋಟಿಗೆ 10. ಪ್ರಶ್ನೆಗೆ ಬಿದ್ದ ವೋಟಿಗೆ ಮೊದಲು 5 ಇತ್ತು, 2019ರಲ್ಲಿ ಅದನ್ನೂ 10 ಮಾಡಿದರು. ಕೇಳಿದವರು ಉತ್ತರವನ್ನು ಒಪ್ಪಿಕೊಂಡರೆ ಬರೆದವರಿಗೆ 15, ಒಪ್ಪಿದವರಿಗೆ 2. ಒಲ್ಲದ ವೋಟು ಬಿದ್ದರೆ 2 ಹೋಗುತ್ತದೆ, ಇನ್ನೊಬ್ಬರ ಉತ್ತರಕ್ಕೆ ಅಂಥ ವೋಟು ಹಾಕಿದವರಿಗೂ 1 ಹೋಗುತ್ತದೆ. ಸಿಟ್ಟಿನಲ್ಲಿ ಸಿಕ್ಕಸಿಕ್ಕವರನ್ನು ಕೆಳಗಿಳಿಸದಿರಲಿ ಎಂದೇ ಈ ದಂಡ. ದಿನಕ್ಕೆ ವೋಟುಗಳಿಂದ 200ಕ್ಕಿಂತ ಹೆಚ್ಚು ಬರುವುದಿಲ್ಲ. ಒಪ್ಪಿಗೆಯ 15 ಈ ಮಿತಿಯ ಹೊರಗೆ. ಮೊತ್ತ 1ರ ಕೆಳಗೆ ಇಳಿಯುವುದಿಲ್ಲ.

ಈ ಮೊತ್ತ ಸುಮ್ಮನೆ ತೋರಿಕೆಗಲ್ಲ. 15 ಆದರೆ ಮೆಚ್ಚುವ ವೋಟು ಹಾಕಬಹುದು, 50ಕ್ಕೆ ಎಲ್ಲೆಡೆ ಟಿಪ್ಪಣಿ ಬರೆಯಬಹುದು, 125ಕ್ಕೆ ಒಲ್ಲದ ವೋಟು, 2,000ಕ್ಕೆ ಇತರರ ಬರಹವನ್ನು ಯಾರ ಅನುಮತಿಯಿಲ್ಲದೆ ತಿದ್ದುವುದು, 3,000ಕ್ಕೆ ಪ್ರಶ್ನೆ ಮುಚ್ಚಲು ವೋಟು. ಇದನ್ನು ‘ಖ್ಯಾತಿ’ ಎಂದು ಕನ್ನಡಿಸಿದವರಿದ್ದಾರೆ. ಖ್ಯಾತಿಗೂ ಇದಕ್ಕೂ ಏನು ಸಂಬಂಧ? ಇದು ‘ಪತ್ತು’. ಪತ್ತಿನ ಸಹಕಾರ ಸಂಘದ ಪತ್ತು: ನಡೆದುಕೊಂಡ ರೀತಿ ನೋಡಿ ಊರು ಇಡುವ ನಂಬಿಕೆ, ಅದಕ್ಕೆ ತಕ್ಕಂತೆ ಹೆಚ್ಚುವ ಮಿತಿ. 1905ರಲ್ಲಿ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ನಮ್ಮ ಜಿಲ್ಲೆಯದೇ, ಈ ಪದಕ್ಕೆ ಇಲ್ಲಿ ಯಾರೂ ನಿಘಂಟು ತೆಗೆಯುವುದಿಲ್ಲ. “ನಿಮ್ಮ ಪತ್ತು: 2,310 ಪಾಯಿಂಟು” ಎಂದು ಬರೆದು ನೋಡಿ. ತನ್ನ ಪಾಯಿಂಟುಗಳಿಂದಲೇ 50ರಿಂದ 500ರ ತನಕ ಇನಾಮು ಇಟ್ಟು ಒಳ್ಳೆಯ ಉತ್ತರ ಕೇಳುವ ವ್ಯವಸ್ಥೆಯೂ ಅಲ್ಲಿದೆ. ಅದಕ್ಕೆ ‘ಇನಾಮು’ ಎಂಬುದೇ ಚೆನ್ನ. ಇಟ್ಟ ಇನಾಮು ಕೂಡಲೇ ಕಳೆಯುತ್ತದೆ, ಉತ್ತರ ಬಾರದಿದ್ದರೂ ಮರಳದು. ಆ ಎಚ್ಚರಿಕೆ ಗುಂಡಿಯ ಪಕ್ಕದಲ್ಲೇ ಇರಲಿ.

ಉತ್ತರ, ಹಾವೇರಿಯಿಂದ

ಮೂರನೆಯ ಸಂಖ್ಯೆ ಉಳಿಯಿತು. ಪರ್ಸೆಂಟೈಲ್‌ನ ಹಿಂದೆ ‘ಶೇ.’ ಹಾಕಲೇಬೇಡಿ, ‘ಅಂಕ’ ಎನ್ನಲೂಬೇಡಿ. ಜೆಇಇ ಮೇನ್‌ನಲ್ಲಿ 2019ರಿಂದ ಇದರ ಲೆಕ್ಕ ಹೀಗೆ: ಆ ಪಾಳಿಯಲ್ಲಿ ನಿಮ್ಮಷ್ಟೇ ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರ ಸಂಖ್ಯೆಯನ್ನು 100ರಿಂದ ಗುಣಿಸಿ, ಆ ಪಾಳಿಯಲ್ಲಿ ಬರೆದವರ ಒಟ್ಟು ಸಂಖ್ಯೆಯಿಂದ ಭಾಗಿಸುವುದು. 40,000 ಜನ ಬರೆದು 38,600 ಜನ ನಿಮ್ಮಷ್ಟೇ ಅಥವಾ ಕೆಳಗಿದ್ದರೆ 96.5. ನಿಮಗೆ 300ಕ್ಕೆ ಎಷ್ಟು ಬಂತೆಂದು ಇದು ಹೇಳುವುದೇ ಇಲ್ಲ. ಪಾಳಿಯಲ್ಲಿ ಮೊದಲು ಬಂದವನದು 280 ಇದ್ದರೂ ಅವನ ಪರ್ಸೆಂಟೈಲ್ 100. ಸಮ ಬೀಳಬಾರದೆಂದು ಏಳು ದಶಮಾಂಶ ಸ್ಥಾನ ಕೊಡುತ್ತಾರೆ; ನಿಮ್ಮ ತಾಣದಲ್ಲಿ ಇನ್ನೂರು ಜನ ಬರೆಯುವ ಅಣಕು ಪರೀಕ್ಷೆಗೆ ಏಳು ಸ್ಥಾನ ಶುದ್ಧ ಆಡಂಬರ. “ನೂರು ಜನರಲ್ಲಿ 96 ಜನ ನಿಮ್ಮಷ್ಟೇ ಅಥವಾ ಕೆಳಗೆ” ಎಂದು ಅಡಿಯಲ್ಲಿ ಒಂದು ಸಾಲು ಸೇರಿಸಿದರೆ ಪದದ ಚಿಂತೆಯೇ ಬೇಡ.

‘ಕೃಪಾಂಕ’ವನ್ನೂ ಎಚ್ಚರದಿಂದ ಬಳಸಿ. 2024ರ ನೀಟ್‌ನಲ್ಲಿ 718, 719 ಬಂದಾಗ ಲೆಕ್ಕ ಬಲ್ಲವರು ಹುಬ್ಬೇರಿಸಿದರು: ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಿದರೆ 715, ನಡುವೆ ದಾರಿಯೇ ಇಲ್ಲ. ಆ ಹೆಚ್ಚುವರಿ ಅಂಕ ಪರೀಕ್ಷೆಯಲ್ಲಿ ವ್ಯರ್ಥವಾದ ಸಮಯಕ್ಕಾಗಿ 1,563 ಜನರಿಗೆ ಕೊಟ್ಟದ್ದು. ಆಮೇಲೆ ಹಿಂಪಡೆದು, ಅವರಿಗೆ ಜೂನ್ 23ರಂದು ಮರುಪರೀಕ್ಷೆಯ ಅವಕಾಶ ಕೊಟ್ಟರು. ನಪಾಸಾಗುವವನನ್ನು ಎತ್ತಿ ದಾಟಿಸುವುದು ಕೃಪಾಂಕ. ಇದು ‘ಪರಿಹಾರ ಅಂಕ’.

ಪ್ರಶ್ನೆಯೇ ತಪ್ಪಾದಾಗ ‘ರದ್ದು’ ಎಂದಷ್ಟೇ ಬರೆಯಬೇಡಿ, ಎರಡು ಅರ್ಥವಾಗುತ್ತದೆ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರು. ಬೇರೆ ಕೆಲವು ಪರೀಕ್ಷೆಗಳಲ್ಲಿ ಎಲ್ಲರಿಗೂ ಪೂರ್ತಿ ಅಂಕ ಕೊಡುತ್ತಾರೆ. ಸ್ಥಾನದ ಸಾಲು ಎರಡರಲ್ಲೂ ಅದೇ, ಶೇಕಡಾ ಮಾತ್ರ ಬೇರೆ. 60ರಲ್ಲಿ 10 ಪ್ರಶ್ನೆ ತಪ್ಪಾಗಿ, ಉಳಿದ 50ರಲ್ಲಿ ಒಬ್ಬನದು 25 ಸರಿಯಿದ್ದರೆ, ಕೈಬಿಟ್ಟಾಗ ಶೇ. 50, ಎಲ್ಲರಿಗೂ ಕೊಟ್ಟಾಗ 60ಕ್ಕೆ 35, ಶೇ. 58.3. ಕನಿಷ್ಠ ಶೇಕಡಾ ಇಟ್ಟಲ್ಲಿ ಅಷ್ಟರಿಂದಲೇ ಪಾಸು ನಪಾಸು ತೀರ್ಮಾನವಾಗಬಹುದು. ಆದ್ದರಿಂದ ‘ಕೈಬಿಟ್ಟ ಪ್ರಶ್ನೆ’, ‘ಎಲ್ಲರಿಗೂ ಅಂಕ ಕೊಟ್ಟ ಪ್ರಶ್ನೆ’ ಎಂದು ಎರಡು ಬೇರೆ ಗುರುತು ಇಡಿ, ಕೀ ಉತ್ತರದ ಪುಟದಲ್ಲೂ ಅವೇ ಪದ ಇರಲಿ.