2025ರ ದೀಪಾವಳಿಗೆ ಅವ್ವನಿಗೆ ಪಿಚ್ಚರ್ ತೋರಿಸಬೇಕು, ನೀವು ನೋಡಿದ್ದು ಹೇಳಿ

ಕೇಳಿದವರು, ಗದಗ:
ನಮ್ಮ ಅವ್ವನಿಗೆ 67 ವರ್ಷ. ಅಪ್ಪ ತೀರಿಕೊಂಡ ಮೇಲೆ ಟಾಕೀಸಿನ ಕಡೆ ಹೋಗಿಲ್ಲ. ಮೊನ್ನೆ ತಾನಾಗಿಯೇ "ಈ ದೀಪಾವಳಿಗೆ ಒಂದ್ ಪಿಚ್ಚರ್ ತೋರಸವ್ವಾ" ಅಂದಳು. ನನಗೆ ಬಹಳ ಖುಷಿಯಾಯಿತು. ಜೊತೆಗೆ ನನ್ನ ಇಬ್ಬರು ಮಕ್ಕಳು, ಒಬ್ಬನಿಗೆ ಒಂಬತ್ತು, ಒಬ್ಬಳಿಗೆ ಐದು. ಹುಬ್ಬಳ್ಳಿಗೆ ಬಂದು ನೋಡುತ್ತೇವೆ. ಕಾಂತಾರ ಎಲ್ಲ ಕಡೆ ಓಡ್ತಾ ಇದೆ, ಅದಕ್ಕೇ ಕರೆದುಕೊಂಡು ಹೋಗಲಾ ಬೇಡವಾ ಗೊತ್ತಾಗುತ್ತಿಲ್ಲ. ಈಚೆಗೆ ಮನೆಯವರ ಜೊತೆ ಹೋಗಿ ಬಂದವರು ಯಾವುದು ನೋಡಿದಿರಿ, ಹಿರಿಯರಿಗೆ ಹೇಗನಿಸಿತು ಅಂತ ಹೇಳಿ. ಸುಮ್ನೆ ಸೂಪರ್, ಬ್ಲಾಕ್‌ಬಸ್ಟರ್ ಅಂತ ಬರೆಯಬೇಡಿ, ಅದನ್ನು ಬೇಕಾದಷ್ಟು ಓದಿದ್ದೇನೆ.

ವಿದ್ಯಾನಗರ, ಹುಬ್ಬಳ್ಳಿ:
ಅಕ್ಕಾ, ಈ ವರ್ಷ ನಾನು ನಮ್ಮ ಅವ್ವನ ಜೊತೆ ಮೂರು ಪಿಚ್ಚರ್ ನೋಡಿದೆ. ಮೂರೂ ಮೂರು ಥರ ಆದವು, ಅದಕ್ಕೆ ಮೂರನ್ನೂ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಮೊದಲು ನೋಡಿದ್ದು ಸು ಫ್ರಮ್ ಸೋ. ಜುಲೈ 25, ಶುಕ್ರವಾರ ಬಂತು. ಆವತ್ತು ನಮ್ಮ ಆಫೀಸಿನಲ್ಲಿ ಅದರ ಹೆಸರನ್ನು ಯಾರೂ ಎತ್ತಿರಲಿಲ್ಲ. ಭಾನುವಾರ ಟಿಕೆಟ್ ಹುಡುಕಿದರೆ ಹಿಂದಿನ ಸಾಲು ಒಂದೂ ಇಲ್ಲ. ಜೆ.ಪಿ. ತುಮಿನಾಡು ಅದನ್ನು ಮಾಡಿದವರು, ಮುಖ್ಯ ಪಾತ್ರವೂ ಅವರದೇ. ಕರಾವಳಿಯ ಒಂದು ಹಳ್ಳಿ. ಅಶೋಕ ಅನ್ನೋ ಹುಡುಗನ ಮೈಮೇಲೆ ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಬಂದಿದೆ ಅಂತ ಸುದ್ದಿ ಹಬ್ಬುತ್ತೆ, ಊರಿಗೆ ಊರೇ ಅದರ ಬೆನ್ನು ಹತ್ತುತ್ತೆ. ನನಗಿದ್ದ ಚಿಂತೆ ಒಂದೇ. ಆ ಮಂಗಳೂರು ಕಡೆಯ ಕನ್ನಡ ಅವ್ವನಿಗೆ ತಿಳಿಯುತ್ತಾ? ಮೊದಲ ಕಾಲು ತಾಸು ಮೂರು ನಾಲ್ಕು ಸಲ "ಏನಂದಾ?" ಅಂತ ಕೇಳಿದಳು. ಆಮೇಲೆ ಕೇಳೋದನ್ನು ಬಿಟ್ಟಳು. ಯಾಕಂದ್ರೆ ಮಾತು ಬೇರೆಯಾದರೂ ಜನ ನಮ್ಮ ಓಣಿಯವರೇ. ಯಾರ ಮನೆಯಲ್ಲಿ ಏನೇ ಆದರೂ ತಾನೇ ಮುಂದೆ ನಿಲ್ಲೋ ಹಿರಿಯ, ಕೇಳಿದ್ದಕ್ಕೆ ಎರಡು ಸೇರಿಸಿ ಹೇಳೋರು, ಕರೆಯದೆ ಬಂದು ಜಗಲಿ ಮೇಲೆ ಕೂರೋರು. ರವಿಯಣ್ಣನ ಪಾತ್ರ ನೋಡಿ ಅವ್ವ ನಮ್ಮೂರಿನ ಒಬ್ಬರ ಹೆಸರು ಹೇಳಿ "ಥೇಟ್ ಅವನ" ಅಂದಳು. ಕೊನೆಯ ಭಾಗದಲ್ಲಿ ಒಬ್ಬ ಹೆಣ್ಣುಮಗಳ ಕಷ್ಟದ ವಿಷಯ ಬರುತ್ತೆ, ಅಲ್ಲಿ ಅವ್ವ ಸುಮ್ಮನಾದಳು. ಮನೆಗೆ ಬಂದು ಚಹಾ ಕುಡಿಯುವಾಗ ನಗು ಬರಿಸಿದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ, ಆ ಹೆಣ್ಣುಮಗಳ ಬಗ್ಗೆಯೇ ಮಾತಾಡಿದಳು. ಕುಡಿಯೋ ದೃಶ್ಯ ಜಾಸ್ತಿ ಇವೆ, ಮಕ್ಕಳ ಜೊತೆ ನೋಡೋದಾದರೆ ಅದು ಗೊತ್ತಿರಲಿ. ಈಗ ಅದು ಸೆಪ್ಟೆಂಬರ್ 9ರಿಂದ ಜಿಯೋಹಾಟ್‌ಸ್ಟಾರ್‌ನಲ್ಲಿದೆ. ಮನೆಯಲ್ಲೂ ನೋಡಬಹುದು, ಆದರೆ ನೂರಾರು ಜನ ಒಟ್ಟಿಗೆ ನಕ್ಕ ಆ ಸದ್ದು ಮನೆಯಲ್ಲಿ ಸಿಗೋದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕರಾವಳಿಯವರು ತಮ್ಮ ಮಾತನ್ನು ಸ್ವಲ್ಪವೂ ಬದಲಿಸದೆ ಪಿಚ್ಚರ್ ಮಾಡಿದರು, ಹುಬ್ಬಳ್ಳಿಯಲ್ಲಿ ಕೂತು ನಾವು ಅದನ್ನು ಪ್ರೀತಿಯಿಂದ ನೋಡಿದೆವು. ನಮ್ಮ ಕಡೆಯ ಮಾತು ಸಿನಿಮಾದಲ್ಲಿ ಬಂದರೆ ಹೆಚ್ಚಾಗಿ ನಗಿಸೋ ಪಾತ್ರಕ್ಕೇ ಬರುತ್ತೆ, ಅದೂ ನಮ್ಮವರು ಯಾರೂ ಆಡದ ಥರದಲ್ಲಿ. ಇದು ನನಗೆ ನಿಜವಾಗಿ ಬೇಜಾರು. ಅವ್ವ ಇವತ್ತಿಗೂ 1997ರ ನಾಗಮಂಡಲದ ಮಾತೆತ್ತುತ್ತಾಳೆ. ಗಿರೀಶ ಕಾರ್ನಾಡರ ನಾಟಕ, ನಾಗಾಭರಣ ಸಿನಿಮಾ ಮಾಡಿದ್ದರು. ಅದರಲ್ಲಿ ಕಥೆಯ ನಾಯಕಿಯೇ ನಮ್ಮ ಮಾತಾಡುತ್ತಾಳೆ. "ಅಕೀ ನಮ್ಮಂಗ ಮಾತಾಡ್ತಿದ್ಲು" ಅಂತ ಅವ್ವ ಹೇಳೋವಾಗ ಅವಳ ಮುಖ ನೋಡಬೇಕು.

ಎರಡನೆಯದು ಮಹಾವತಾರ ನರಸಿಂಹ. ಅದೂ ಅದೇ ಜುಲೈ 25ಕ್ಕೇ ಬಂದಿದ್ದು, ನಾವು ಹೋಗಿದ್ದು ಆಗಸ್ಟ್‌ನಲ್ಲಿ, ತಂಗಿಯ ಮಕ್ಕಳು ಬಂದಾಗ. ಪೂರ್ತಿ ಅನಿಮೇಷನ್. ಗೊಂಬೆ ಪಿಚ್ಚರಿಗೆ ಅವ್ವ ಬರ್ತಾಳಾ ಅಂದುಕೊಂಡಿದ್ದೆ. ಬಂದಳು ಅಷ್ಟೇ ಅಲ್ಲ, ಪ್ರಹ್ಲಾದನ ಕಥೆಯನ್ನು ಸಣ್ಣವಳಿದ್ದಾಗ ಊರಿನ ದೊಡ್ಡಾಟದಲ್ಲಿ, ಆಮೇಲೆ ಕೀರ್ತನೆಯಲ್ಲಿ ಎಷ್ಟು ಸಲ ಕೇಳಿದ್ದಳೋ, ಮುಂದೆ ಏನು ಬರುತ್ತೆ ಅಂತ ಮೊಮ್ಮಕ್ಕಳ ಕಿವಿಯಲ್ಲಿ ಹೇಳ್ತಾನೇ ಇದ್ದಳು. ಕನ್ನಡ ಡಬ್ಬಿಂಗ್ ಚೆನ್ನಾಗಿತ್ತು. ಮೊದಲರ್ಧದಲ್ಲಿ ಪಾತ್ರಗಳ ಮುಖದಲ್ಲಿ ಜೀವ ಕಡಿಮೆ ಅನಿಸಿತು ನನಗೆ. ಕಂಬ ಒಡೆದ ಮೇಲೆ ಅದ್ಯಾವುದೂ ನೆನಪಿರಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜ ಎದ್ದು ನಿಂತು ಕೈ ಮುಗಿದರು. ಆದರೆ ಕೊನೆಯ ಕಾಳಗ ಜೋರಾಗಿದೆ ಅಕ್ಕಾ. ತಂಗಿಯ ಸಣ್ಣ ಮಗಳು ನಿಮ್ಮ ಮಗಳಷ್ಟೇ, ಅವಳು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸೆಪ್ಟೆಂಬರ್ 19ರಿಂದ ನೆಟ್‌ಫ್ಲಿಕ್ಸ್‌ನಲ್ಲಿದೆ.

ಮೂರನೆಯದು ನೀವು ಕೇಳಿದ್ದು, ಕಾಂತಾರ ಅಧ್ಯಾಯ 1. ಅಕ್ಟೋಬರ್ 2ಕ್ಕೆ ಬಂತಲ್ಲ, ಅದೇ ವಾರ ಹೋದೆವು. ಇಲ್ಲಿ ನಾನು ತಪ್ಪು ಮಾಡಿದೆ. ಬೇರೆ ಟಿಕೆಟ್ ಸಿಗಲಿಲ್ಲ ಅಂತ ರಾತ್ರಿ ಆಟಕ್ಕೆ ತೆಗೆಸಿದೆ, ಅದೂ ಪರದೆಯಿಂದ ಮೂರನೇ ಸಾಲು. ಪಿಚ್ಚರ್ ಸುಮಾರು ಎರಡೂಮುಕ್ಕಾಲು ತಾಸು. ಆ ಯುದ್ಧ, ಆ ಡೋಲಿನ ಸದ್ದು, ಕತ್ತು ಎತ್ತಿಕೊಂಡೇ ನೋಡಬೇಕು. ಇಂಟರ್ವೆಲ್‌ನಲ್ಲಿ ಅವ್ವ ತಲೆ ಹಿಡಿದುಕೊಂಡಳು. ಹೋಗೋಣ ಅಂದೆ, ಬೇಡ ಅಂದಳು, ನನ್ನ ಆಸೆ ಮುರಿಯಬಾರದು ಅಂತ ಕೂತಳು. ಅದು ನನ್ನ ಮನಸ್ಸಿನಲ್ಲಿ ಈಗಲೂ ಇದೆ. ಪಿಚ್ಚರ್ ಮಾತ್ರ ನನಗೆ ಹಿಡಿಸಿತು. ಮೊದಲರ್ಧದ ಕೆಲವು ತಮಾಷೆ ನೀರಸ, ಆದರೆ ಸಂತೆಯಲ್ಲಿ ರಥ ಕೈತಪ್ಪಿ ಓಡೋ ಭಾಗ, ಆಮೇಲೆ ದೈವ ಮೈಮೇಲೆ ಬಂದಾಗಿನ ರಿಷಬ್ ಶೆಟ್ಟಿ, ಇವನ್ನು ದೊಡ್ಡ ಪರದೆಯಲ್ಲೇ ನೋಡಬೇಕು. ಅವ್ವ ಹೊರಗೆ ಬಂದು "ಪಿಚ್ಚರ್ ಛಲೋ ಐತಿ, ಆದ್ರ ಭಾಳ ಬಡದಾಡ್ತಾರ" ಅಂದಳು. ದೈವದ ಭಾಗದಲ್ಲಿ ಕೈ ಮುಗಿದೇ ಕೂತಿದ್ದಳು, ಅದನ್ನೂ ಹೇಳಬೇಕು.

ಹಾಗಾಗಿ ಪಿಚ್ಚರ್ ಯಾವುದು ಅನ್ನೋದಕ್ಕಿಂತ ಯಾವ ಆಟ, ಯಾವ ಸೀಟು ಅನ್ನೋದು ಹಿರಿಯರಿಗೆ ದೊಡ್ಡದು. ಬೆಳಗಿನ ಆಟಕ್ಕೆ ಹೋಗಿ. ಹಿಂದಿನ ಸಾಲು, ದಾರಿ ಪಕ್ಕದ ಸೀಟು. ಸಿಗದಿದ್ದರೆ ಒಂದು ವಾರ ತಡೆಯಿರಿ.

ಹಾವೇರಿ:
ಮೇಲಿನ ಅಣ್ಣನ ಮಾತು ಅರ್ಧ ಒಪ್ಪುತ್ತೇನೆ. ನಮ್ಮ ಅಜ್ಜಿಗೆ ಎಪ್ಪತ್ತು ದಾಟಿದೆ, ನಮ್ಮ ಮನೆಯಲ್ಲಿ ಕಾಂತಾರವನ್ನು ಎಲ್ಲರಿಗಿಂತ ಹೆಚ್ಚು ಮೆಚ್ಚಿದ್ದು ಅವಳೇ. ಬಡಿದಾಟ ಜಾಸ್ತಿ ಅಂತ ಒಂದು ಸಲವೂ ಅನ್ನಲಿಲ್ಲ. ನಾವು ಮಾಡಿದ್ದು ಇಷ್ಟು. ಹಿಂದಿನ ರಾತ್ರಿ 2022ರ ಕಾಂತಾರವನ್ನು ಮನೆಯಲ್ಲಿ ಹಾಕಿ ತೋರಿಸಿದೆವು. ಈಗ ಬಂದಿರೋದು ಅದಕ್ಕಿಂತ ಎಷ್ಟೋ ಕಾಲ ಹಿಂದಿನ ಕಥೆ, ಕದಂಬರ ಕಾಲದ್ದು ಅಂತ ಮೊದಲೇ ಹೇಳಿದೆವು. ಇಲ್ಲದಿದ್ದರೆ ಹಿರಿಯರು ಹಳೆಯ ಪಿಚ್ಚರಿನ ಶಿವ ಎಲ್ಲಿ, ಲೀಲಾ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರೆ, ಅರ್ಧ ಪಿಚ್ಚರ್ ಅದರಲ್ಲೇ ಹೋಗುತ್ತೆ. ಮಧ್ಯಾಹ್ನದ ಆಟ, ಬಾಲ್ಕನಿಯ ಕೊನೆಯ ಸಾಲು. ಕಿವಿಗೆ ಹತ್ತಿ ಕೊಟ್ಟಿದ್ದೆ, ಯುದ್ಧ ಬಂದಾಗ ಇಟ್ಟುಕೊಂಡಳು, ಮಾತು ಬಂದಾಗ ತೆಗೆದಳು.

ಕದಂಬರು ಅಂದರೆ ಹಾನಗಲ್ ಕಡೆಯ ನಮಗೆ ದೂರದವರಲ್ಲ, ಬನವಾಸಿ ಇಲ್ಲೇ ಹತ್ತಿರ. ಪಿಚ್ಚರ್ ನೋಡಿದ ಮೇಲೆ ನನ್ನ ಮಗ ಕದಂಬರು ಯಾರು ಅಂತ ಬಿಡದೆ ಕೇಳಿದ. ಮುಂದಿನ ಭಾನುವಾರ ಬನವಾಸಿಯ ಮಧುಕೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದೆ. ಮಯೂರವರ್ಮನ ಕಥೆ ಹೇಳಿದೆ. ಪಿಚ್ಚರಿನ ರಾಜ, ಕೋಟೆ ಎಲ್ಲ ಕಟ್ಟುಕಥೆ, ಇದು ನಿಜವಾಗಿ ಇದ್ದ ಊರು ಅಂದೆ. ಅವನು ಕಲ್ಲಿನ ನಂದಿ ಮುಂದೆ ಕೂತು ಎಷ್ಟು ಹೊತ್ತಾದರೂ ಏಳಲಿಲ್ಲ.

ಐದು ವರ್ಷದ ಮಗಳನ್ನು ಮಾತ್ರ ಕಾಂತಾರಕ್ಕೆ ಕರೆದುಕೊಂಡು ಹೋಗಬೇಡಿ. ರಕ್ತ ಇದೆ, ಕತ್ತಲಲ್ಲಿ ಕೂಗು ಇದೆ. ಈಗ ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಬರೀ ಯುಎ ಅಂತ ಇರೋದಿಲ್ಲ, ಯುಎ 7+, ಯುಎ 13+, ಯುಎ 16+ ಅಂತ ಬರುತ್ತೆ, ಅಂದರೆ ಆ ವಯಸ್ಸಿಗಿಂತ ಸಣ್ಣವರಿಗೆ ತೋರಿಸೋದಾ ಬೇಡವಾ ಅಂತ ತಂದೆ ತಾಯಿ ನೋಡಿಕೊಳ್ಳಬೇಕು. ಟಿಕೆಟ್ ತೆಗೆಸೋ ಜಾಗದಲ್ಲೇ ಬರೆದಿರುತ್ತಾರೆ. ಮಕ್ಕಳಿದ್ದರೆ ಮೊದಲು ಅದನ್ನು ನೋಡಿ.

ಧಾರವಾಡ:
ನಾನು ಹಾಸ್ಟೆಲಿನಲ್ಲಿರೋಳು, ಮನೆಯವರ ಜೊತೆ ಹೋಗಿಲ್ಲ, ಆದರೂ ಒಂದು ಹೆಸರು ಹೇಳುತ್ತೇನೆ. ಏಳುಮಲೆ. ಸೆಪ್ಟೆಂಬರ್ 5ಕ್ಕೆ ಬಂದಿತ್ತು. ಮಲೆ ಮಹದೇಶ್ವರ ಬೆಟ್ಟದ ಕಡೆ ನಡೆಯೋ ಪ್ರೀತಿಯ ಕಥೆ. ದೊಡ್ಡ ಹೀರೋ ಇಲ್ಲ. ನಾವು ನಾಲ್ಕು ಜನ ಹೋದಾಗ ಇಡೀ ಹಾಲಿನಲ್ಲಿ ಇಪ್ಪತ್ತು ಜನ ಇರಲಿಲ್ಲ, ಮುಂದಿನ ವಾರ ಗೆಳತಿಯರಿಗೆ ತೋರಿಸೋಣ ಅಂದರೆ ತೆಗೆದೇ ಬಿಟ್ಟಿದ್ದರು. ಸಣ್ಣ ಪಿಚ್ಚರ್ ಚೆನ್ನಾಗಿದೆ ಅಂತ ಕಿವಿಗೆ ಬಿದ್ದರೆ ಅದೇ ವಾರ ಹೋಗಿಬಿಡಿ, ದೊಡ್ಡದು ಕಾಯುತ್ತೆ, ಸಣ್ಣದು ಕಾಯೋದಿಲ್ಲ. ನಿಮ್ಮ ಅವ್ವನಿಗೆ ಇದು ಬೇಡ, ನೋವು ಜಾಸ್ತಿ.

ನಮ್ಮ ಮಾತಿನ ಬಗ್ಗೆ ಅಣ್ಣ ಬರೆದದ್ದು ಓದಿ ಕಣ್ಣು ತುಂಬಿತು. ಕ್ಲಾಸಿನಲ್ಲಿ ಬೇರೆ ಊರಿನ ಹುಡುಗಿಯರು ನಾನು "ಹೌದ್ರಿ" ಅಂದರೆ ಸಿನಿಮಾ ಡೈಲಾಗ್ ಥರ ಅದನ್ನೇ ತಿರುಗಿ ಹೇಳಿ ನಗುತ್ತಾರೆ. ಆ ಡೈಲಾಗ್ ಯಾರು ಬರೆದರೋ. ನಮ್ಮ ಅಮ್ಮಂದಿರು ಅಳೋದು, ಸಿಟ್ಟಾಗೋದು, ಪ್ರೀತಿ ಮಾಡೋದು ಎಲ್ಲ ಇದೇ ಮಾತಿನಲ್ಲಿ.

ಹಳೇ ಹುಬ್ಬಳ್ಳಿ:
ಅಕ್ಕಾರ, ಪಿಚ್ಚರ್ ವಿಷಯ ಅವರೆಲ್ಲ ಹೇಳಿದ್ದಾರೆ, ನಾನು ಮೊಣಕಾಲಿನ ವಿಷಯ ಹೇಳುತ್ತೇನೆ. ನಮ್ಮ ಅತ್ತೆಗೆ ಮೆಟ್ಟಿಲು ಆಗೋದಿಲ್ಲ. ಹಳೇ ಟಾಕೀಸುಗಳ ಬಾಲ್ಕನಿಗೆ ಎರಡು ಸುತ್ತು ಮೆಟ್ಟಿಲು ಹತ್ತಬೇಕು, ಒಳಗೆ ಕತ್ತಲಲ್ಲಿ ಮತ್ತೆ ಮೆಟ್ಟಿಲು. ಒಂದು ಕಡೆ ಅತ್ತೆ ಎಡವಿ ಬೀಳೋದರಲ್ಲಿದ್ದರು, ಟಾರ್ಚ್ ಹಿಡಿಯೋರು ಯಾರೂ ಇರಲಿಲ್ಲ. ಹೆಂಗಸರ ಶೌಚಾಲಯವೂ ಸರಿ ಇರಲಿಲ್ಲ. ಅವತ್ತಿನಿಂದ ಹಿರಿಯರ ಜೊತೆ ಹೋದರೆ ಮಾಲ್‌ಗೇ ಹೋಗುತ್ತೇನೆ. ಗೋಕುಲ ರಸ್ತೆ ಕಡೆ ಹೋದರೆ ಲಿಫ್ಟ್ ಇದೆ. ಒಳಗೆ ಎಸಿ ಜಾಸ್ತಿ, ಅವ್ವನಿಗೆ ಶಾಲು ತನ್ನಿ. ಪಿಚ್ಚರ್ ಶುರುವಾಗೋ ಮುಂಚೆ ಕೂರಿಸಿಬಿಡಿ, ಕತ್ತಲಾದ ಮೇಲೆ ಕೈ ಹಿಡಿದು ನಡೆಸೋದು ಕಷ್ಟ.

ಆದರೆ ದುಡ್ಡು ಜಾಸ್ತಿ ಬೀಳುತ್ತೆ. ಟಿಕೆಟ್ 200 ರೂಪಾಯಿ ದಾಟಬಾರದು ಅಂತ ಸೆಪ್ಟೆಂಬರ್ 12ಕ್ಕೆ ಸರ್ಕಾರದ ಆದೇಶ ಬಂದಾಗ ನಮ್ಮ ಮನೆಯಲ್ಲಿ ಎಲ್ಲರೂ ಖುಷಿಪಟ್ಟಿದ್ದೆವು. 23ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಹಬ್ಬದ ದಿನ ದರ ಏರಿರುತ್ತೆ, ವಾರದ ನಡುವೆ ಕಡಿಮೆ ಇರುತ್ತೆ. ಸಾಧ್ಯವಾದರೆ ಹಬ್ಬ ಮುಗಿದ ಮೇಲೆ ಒಂದು ಗುರುವಾರ ಬನ್ನಿ. ಆಪ್‌ನಲ್ಲಿ ತೆಗೆಸಿದರೆ ಮೇಲೊಂದು ಶುಲ್ಕ ಹಾಕುತ್ತಾರೆ, ನಾಲ್ಕೈದು ಜನರಿಗೆ ಅದೇ ಒಂದು ಪಾಪ್‌ಕಾರ್ನ್ ದುಡ್ಡು. ಹತ್ತಿರ ಯಾರಾದರೂ ಇದ್ದರೆ ಕೌಂಟರಿನಲ್ಲಿ ತೆಗೆಸಿ. 100 ರೂಪಾಯಿವರೆಗಿನ ಟಿಕೆಟಿಗೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಿದೆ, ಆದರೆ ಅಷ್ಟು ಕಡಿಮೆಯ ಸೀಟು ಮುಂದಿನ ಸಾಲಿನಲ್ಲೇ ಇರೋದು, ಅವ್ವನಿಗೆ ಅಲ್ಲಿ ಬೇಡ.

ಕೇಳಿದವರು, ಗದಗ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ಅವ್ವನ ಪಕ್ಕ ಕೂತು ಓದಿ ಹೇಳಿದೆ. "ಬಡದಾಡ್ಲಿ ಬಿಡು, ದೇವರ ಪಿಚ್ಚರ್ ಐತಲ್ಲ" ಅಂದಳು. ನಾಗಮಂಡಲದ ಮಾತು ಬಂದಾಗ ಫೋನ್ ಇಸಿದುಕೊಂಡು ತಾನೇ ನೋಡಿದಳು. ಅದನ್ನು ಅಪ್ಪನ ಜೊತೆ ನೋಡಿದ್ದಳಂತೆ, ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ.

ಅವ್ವ, ನಾನು, ಮಗ ಕಾಂತಾರಕ್ಕೆ. ಹಬ್ಬ ಕಳೆದ ಮೇಲೆ ಗುರುವಾರ, ಬೆಳಗಿನ ಆಟ, ದಾರಿ ಪಕ್ಕದ ಸೀಟು. ಮಗಳು ನಮ್ಮ ಅಕ್ಕನ ಮನೆಯಲ್ಲಿ ಇರುತ್ತಾಳೆ, ಅವಳಿಗೆ ನರಸಿಂಹನನ್ನು ಮನೆಯಲ್ಲೇ ಹಾಕುತ್ತೇನೆ, ಹೆದರಿದರೆ ನಿಲ್ಲಿಸಬಹುದಲ್ವಾ. ಹಳೇ ಕಾಂತಾರ ಇವತ್ತು ರಾತ್ರಿ ನೋಡುತ್ತೇವೆ. ಇನ್ನೊಂದೇ ಕೇಳೋದಿದೆ. ಅವ್ವನಿಗೆ ಇಂಟರ್ವೆಲ್‌ನಲ್ಲಿ ಮಿರ್ಚಿ ಭಜಿ ತಿಂದೇ ಅಭ್ಯಾಸ, ಮಾಲ್‌ನಲ್ಲಿ ಸಿಗುತ್ತಾ?

ಹಳೇ ಹುಬ್ಬಳ್ಳಿ:
ಅಲ್ಲಿ ಸಿಗಲ್ಲ ಅಕ್ಕಾರ, ಹೊರಗಿನದನ್ನು ಒಳಗೆ ಬಿಡೋದೂ ಇಲ್ಲ. ಅವ್ವನಿಗೆ ಬೆಳಗ್ಗೆ ಹೊಟ್ಟೆ ತುಂಬ ತಿನ್ನಿಸಿಕೊಂಡು ಬನ್ನಿ. ಪಿಚ್ಚರ್ ಬಿಟ್ಟ ಮೇಲೆ ಸಂಜೆವರೆಗೆ ಇರೋದಾದರೆ ದುರ್ಗದಬೈಲಿಗೆ ಕರೆದುಕೊಂಡು ಹೋಗಿ. ಗಿರಮಿಟ್ ಜೊತೆ ಬಿಸಿ ಭಜಿ ಸಿಗುತ್ತೆ, ಅಲ್ಲಿಂದ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಗದಗ ಬಸ್ ಹಿಡಿಯಬಹುದು.