ಥೆಲ್ಮಾ ಸ್ಕೂನ್‌ಮೇಕರ್ 70ರ ದಶಕದಲ್ಲಿ ಎಲ್ಲಿ ಹೋಗಿದ್ರು?

ಅಧಿಕ_ಪ್ರಸಂಗಿ:
ಗುರುಗಳೇ ಒಂದು ಡೌಟು. ಹಾಲಿವುಡ್ ಡೈರೆಕ್ಟರ್ ಮಾರ್ಟಿನ್ ಸ್ಕಾರ್ಸೆಸೆ ಸಿನಿಮಾಗಳ್ನ ಒಂದರ ಹಿಂದೆ ಒಂದು ನೋಡ್ಕೊಂಡು ಬರ್ತಿದೀನಿ, ಟೈಟಲ್ ಕಾರ್ಡಲ್ಲಿ ಎಡಿಟರ್ ಹೆಸರು ಹುಡುಕೋ ಚಟ ಬೇರೆ. 1967ರ 'ಹೂಸ್ ದಟ್ ನಾಕಿಂಗ್ ಅಟ್ ಮೈ ಡೋರ್'ಗೆ ಥೆಲ್ಮಾ ಸ್ಕೂನ್‌ಮೇಕರ್ ಅಂತ ಇದೆ, ಆಮೇಲೆ 'ಮೀನ್ ಸ್ಟ್ರೀಟ್ಸ್', 'ಟ್ಯಾಕ್ಸಿ ಡ್ರೈವರ್' ಎಲ್ಲೂ ಈಯಮ್ಮನ ಸುಳಿವೇ ಇಲ್ಲ, 1980ರ 'ರೇಜಿಂಗ್ ಬುಲ್'ಗೆ ದಿಢೀರ್ ಅಂತ ಬಂದು ಆಸ್ಕರ್ ಹೊಡ್ಕೊಂಡು ಹೋಗ್ತಾರೆ. ಮಧ್ಯ ಏನಾಯ್ತು? ಜಗಳ ಗಿಗಳ ಆಗಿತ್ತಾ ಇಬ್ರಿಗೂ?

ರೀಲ್_ರಂಗಣ್ಣ:
ಜಗಳ ಇಲ್ಲ ಮಾರಾಯ್ರೆ, ಯೂನಿಯನ್ ಕಾರ್ಡ್, ಅಂದ್ರೆ ಎಡಿಟರ್‌ಗಳ ಸಂಘದ ಸದಸ್ಯತ್ವ, ಇರ್ಲಿಲ್ಲ ಅಷ್ಟೇ. 1970ರ 'ವುಡ್‌ಸ್ಟಾಕ್' ಅಂತ ಸಂಗೀತ ಉತ್ಸವದ ಡಾಕ್ಯುಮೆಂಟರಿ ನೋಡಿದೀರಾ, ಪರದೆನ ಎರಡು ಮೂರು ಭಾಗ ಮಾಡಿ ಒಂದ್ಕಡೆ ಹಾಡೋರು ಒಂದ್ಕಡೆ ಜನ ಅಂತ ತೋರಿಸ್ತಾರಲ್ಲ, ಅದಕ್ಕೆ ಈಯಮ್ಮಂಗೆ ಎಡಿಟಿಂಗ್ ಆಸ್ಕರ್ ನಾಮಿನೇಷನ್ ಬಂದಿತ್ತು. ಆದ್ರೂ ಯೂನಿಯನ್ನೋರು ಮೊದ್ಲು ಅಪ್ರೆಂಟಿಸ್ ಆಗು, ಆಮೇಲೆ ವರ್ಷಗಟ್ಲೆ ಅಸಿಸ್ಟೆಂಟ್ ಆಗು, ಆಮೇಲೆ ನೋಡೋಣ ಅಂದ್ರು. ನಾಮಿನೇಷನ್ ಬಂದೋರಿಗೆ ಅ ಆ ಇ ಈ ತಿದ್ದಿಸೋಕೆ ಹೊರಟ್ರೆ ಯಾರು ಒಪ್ತಾರೆ ಹೇಳಿ. ಹಂಗಾಗಿ ದೊಡ್ಡ ಸ್ಟುಡಿಯೋ ಸಿನಿಮಾ ಕೈಗೆ ಸಿಗ್ಲಿಲ್ಲ. 'ಟ್ಯಾಕ್ಸಿ ಡ್ರೈವರ್' ಎಡಿಟಿಂಗ್‌ಗೆ ಕೂತಿದ್ದು ಮಾರ್ಸಿಯಾ ಲೂಕಸ್ ಮತ್ತೆ ಇನ್ನಿಬ್ರು. 'ರೇಜಿಂಗ್ ಬುಲ್' ಹೊತ್ತಿಗೆ ಥೆಲ್ಮಾಗೆ ಕಾರ್ಡ್ ಸಿಕ್ತು, ಅಲ್ಲಿಂದಾಚೆ ಸ್ಕಾರ್ಸೆಸೆ ಕಥಾಚಿತ್ರಗಳಿಗೆಲ್ಲ ಇವ್ರೇ.

ಕರಾವಳಿ_ಮೇಲ್:
ಈಯಮ್ಮ ಸಿನಿಮಾಗೆ ಬಂದಿದ್ದೇ ಆಕಸ್ಮಿಕ. ಹುಟ್ಟಿದ್ದು 1940, ಅಲ್ಜೀರಿಯಾದಲ್ಲಿ, ಅಪ್ಪ ಆಯಿಲ್ ಕಂಪನಿ ನೌಕರ, ಬೆಳೆದಿದ್ದು ಅರೂಬಾ ದ್ವೀಪ. ಕಾರ್ನೆಲ್ ಯೂನಿವರ್ಸಿಟಿಲಿ ರಾಜಕೀಯಶಾಸ್ತ್ರ, ರಷ್ಯನ್ ಎಲ್ಲ ಓದಿದ್ದು ರಾಯಭಾರ ಕಚೇರಿ ಕೆಲಸಕ್ಕೆ ಸೇರ್ಬೇಕು ಅಂತ. ಅದು ಕೈಗೂಡ್ಲಿಲ್ಲ, ಪೇಪರಲ್ಲಿ ಬಂದ ಒಂದು ಜಾಹೀರಾತು ನೋಡಿ ಎಡಿಟಿಂಗ್ ಕೆಲಸಕ್ಕೆ ಹೋದ್ರು. ಏನ್ ಕೆಲಸ ಗೊತ್ತಾ, ಯುರೋಪಿನ ಒಳ್ಳೊಳ್ಳೆ ಸಿನಿಮಾಗಳ್ನ ಟೀವಿ ಟೈಮಿಗೆ ಹೊಂದೋ ಹಂಗೆ ಕಚಕಚ ಕತ್ತರಿಸೋದು! ಆಮೇಲೆ ನ್ಯೂಯಾರ್ಕ್ ಯೂನಿವರ್ಸಿಟಿಲಿ 6 ವಾರದ ಕೋರ್ಸ್ ಸೇರಿದ್ರು, ಅಲ್ಲೊಬ್ಬ ಹುಡುಗನ ಕಿರುಚಿತ್ರದ ನೆಗೆಟಿವ್ ಯಾರೋ ತಪ್ಪಾಗಿ ಕತ್ತರಿಸಿ ಹಾಳು ಮಾಡಿದ್ರು, ಮೇಷ್ಟ್ರು ಇವ್ರನ್ನ ಕರೆದು ಸರಿ ಮಾಡ್ಕೊಡಮ್ಮ ಅಂದ್ರು. ಆ ಹುಡುಗನೇ ಸ್ಕಾರ್ಸೆಸೆ.

ನೇರಮಾತು:
ಎಲ್ಲಾ ಸರಿ, ಆದ್ರೆ ಈಯಮ್ಮಂಗೆ 3 ಆಸ್ಕರ್ ಬರೋಕೆ ಡೈರೆಕ್ಟರ್ ಕಾರಣ ಅಲ್ವಾ? ಅವ್ನೇ ಪಕ್ಕದಲ್ಲಿ ಕೂತು ಎಡಿಟ್ ಮಾಡಿಸ್ತಾನೆ. 'ರೇಜಿಂಗ್ ಬುಲ್' ಬಾಕ್ಸಿಂಗ್ ಫೈಟಿಗೆ ಬಂದ ಆಸ್ಕರ್ ಅವನಿಗೇ ಸೇರ್ಬೇಕು ಅಂತ ಈಯಮ್ಮನೇ ಹೇಳ್ಕೊಂಡಿದಾರೆ.

ಟೈಮ್‌ಲೈನ್_ತಿಮ್ಮಿ:
ನಾನೂ ಎಡಿಟಿಂಗ್ ರೂಮಲ್ಲೇ ಬೇಯೋಳು, ಅದಕ್ಕೆ ಹೇಳ್ತೀನಿ ಕೇಳಿ. ಫೈಟ್ ಬಿಡಿ, ಅದು ಸ್ಕಾರ್ಸೆಸೆ ಮೊದ್ಲೇ ಶಾಟ್ ಶಾಟ್ ಚಿತ್ರ ಬರ್ಕೊಂಡು ತೆಗೆದಿದ್ದು. ಅದೇ ಸಿನಿಮಾದಲ್ಲಿ ಹೀರೋ ಡಿ ನಿರೋ ಕೆಟ್ಟ ಟೀವಿ ಸರಿ ಮಾಡ್ತಾ ತಮ್ಮನ ಮೇಲೇ ಅನುಮಾನ ಪಡೋ ಸೀನ್ ನೋಡಿ. ಅಂಥ ಸೀನಲ್ಲಿ ನಟರು ಬಾಯಿಗೆ ಬಂದಂಗೆ ಮಾತು ಸೇರಿಸ್ತಾರೆ, ಒಂದು ಟೇಕಲ್ಲಿ ಆಡಿದ್ದು ಇನ್ನೊಂದ್ರಲ್ಲಿ ಇರಲ್ಲ, ಕೈ ಇಲ್ಲಿದ್ರೆ ತಲೆ ಅಲ್ಲಿ, ಅವನ್ನೆಲ್ಲ ಜೋಡಿಸಿ ಇಬ್ರೂ ಒಂದೇ ಉಸಿರಲ್ಲಿ ಮಾತಾಡ್ತಿದಾರೆ ಅನ್ನೋ ಹಂಗೆ ಮಾಡೋದು ತಲೆನೋವಿನ ಕೆಲಸ ಕಣ್ರಿ. 'ಗುಡ್‌ಫೆಲ್ಲಾಸ್'ಲಿ (1990) ಜೋ ಪೆಸಿ ನಾನೇನ್ ಜೋಕರ್ರಾ ಅಂತ ಕೆಣಕೋ ಸೀನ್ ಇದ್ಯಲ್ಲ, ಅಲ್ಲಿ ಮುಖದ ಹತ್ರ ಕ್ಲೋಸಪ್ಪಿಗೆ ಹೋಗೋದೇ ಇಲ್ಲ, ಸುತ್ತ ಕೂತೋರ ನಗು ಒಣಗೋದು ಕಾಣ್ಬೇಕಲ್ಲ. ಅಲ್ಲಿ ಮೌನ ಎಷ್ಟು ಹೊತ್ತು ಎಳೀಬೇಕು ಅನ್ನೋದೇ ಎಡಿಟಿಂಗು. ಅದೇ ಸಿನಿಮಾದ ಕೊನೆಕೊನೆಗೆ ಹೆಲಿಕಾಪ್ಟರ್, ಕೊಕೇನು, ಒಲೆ ಮೇಲೆ ಸಾಸು ಎಲ್ಲ ಒಂದೇ ದಿನ ಬರುತ್ತಲ್ಲ, ಅಲ್ಲಿ ಕಟ್‌ಗಳು ಬೇಕಂತಲೇ ಎಗರುತ್ವೆ, ಕಥಾನಾಯಕ ಹೆನ್ರಿ ತಲೆ ಕೆಟ್ಟಿರೋದು ನಮಗೂ ತಾಗ್ಲಿ ಅಂತ. ಯಾವಾಗ ಕತ್ತರಿಸ್ಬಾರ್ದು ಅಂತ ಗೊತ್ತಿರೋಳಿಗೆ ಯಾವಾಗ ಎಗರಿಸ್ಬೇಕು ಅನ್ನೋದೂ ಗೊತ್ತು.

ನೇರಮಾತು:
ಅಲ್ಲಮ್ಮ, ಹಂಗಾದ್ರೆ ಇದೇ ಜೋಡಿಯ 'ಐರಿಶ್‌ಮನ್' 209 ನಿಮಿಷ ಓಡುವಾಗ ಕತ್ತರಿ ಎಲ್ಲಿತ್ತು?

ರೀಲ್_ರಂಗಣ್ಣ:
ಅದಕ್ಕೂ ನಾಮಿನೇಷನ್ ಬಂದಿತ್ತು ಸ್ವಾಮಿ 😄 ಅದಾದ್ಮೇಲೆ 'ಕಿಲ್ಲರ್ಸ್ ಆಫ್ ದ ಫ್ಲವರ್ ಮೂನ್', 206 ನಿಮಿಷ, ಅದಕ್ಕೂ ಬಂತು, ಒಟ್ಟು 9 ನಾಮಿನೇಷನ್ ಆಯ್ತು. ನೀವು ಇಂಟರ್ವಲ್‌ಗೆ ಕಾಫಿ ಕುಡ್ಕೊಂಡು ಬನ್ನಿ.