ಸೈಕಲ್ ಬ್ಯಾಗಿನಲ್ಲಿ ಯಾವ ಟೂಲ್ ಇರಬೇಕು? ಚೈನ್ ಕಟರ್ ಬೇರೆಯಾಗಿ ಬೇಕಾ?

ಗಾಳಿಸವಾರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನ ಸೈಕಲ್‌ಗೆ ಹಿಂದೆ 9 ಗೇರ್, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಟೈರ್ ಒಳಗೆ ಮಾಮೂಲಿ ಟ್ಯೂಬ್. ದಿನಾ ಕೆಲಸಕ್ಕೆ ಇದರಲ್ಲೇ ಹೋಗುತ್ತೇನೆ. ರಜೆ ಇದ್ದರೆ ದೂರ ಹೋಗಿ ಬರುವುದೂ ಉಂಟು.

ಹೋದ ವಾರ ಒಂದು ಏರಿನಲ್ಲಿ ಎದ್ದು ನಿಂತು ತುಳಿಯುತ್ತಾ ಗೇರ್ ಬದಲಿಸಿದೆ, ಚೈನ್ ತುಂಡಾಯಿತು. ಬ್ಯಾಗಿನಲ್ಲಿ ಪಂಕ್ಚರ್ ಸಾಮಾನು ಇತ್ತು, ಚೈನ್‌ಗೆ ಬೇಕಾದದ್ದು ಏನೂ ಇರಲಿಲ್ಲ. ಇಳಿಜಾರಿನಲ್ಲಿ ಕೂತು, ಉಳಿದ ಕಡೆ ತಳ್ಳಿಕೊಂಡು ಮನೆ ಸೇರಿದೆ.

ಈಗ ಮಡಚುವ ಮಲ್ಟಿಟೂಲ್ ತೆಗೆದುಕೊಳ್ಳೋಣ ಅಂತ ಇದ್ದೇನೆ. ಕೆಲವದರಲ್ಲಿ ಚೈನ್ ಕಟರ್ (ಪಿನ್ ತಳ್ಳಿ ಚೈನ್‌ನ ಕೊಂಡಿ ಬಿಡಿಸುವ ಟೂಲ್) ಕೂಡ ಸೇರಿಸಿರುತ್ತಾರೆ. ಅದೇ ಸಾಕಾ, ಬೇರೆ ಕಟರ್ ಬೇಕಾ? ಇನ್ನೊಂದು ವಿಷಯ. ಎಣ್ಣೆ ನಾನು ತಪ್ಪದೆ ಹಾಕುತ್ತೇನೆ. ಆದರೂ ತುಂಡಾಗಿದ್ದು ಯಾಕೆ?

ಕೊನೆಸಾಲು:

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಹಿಂದೆ ಬರುವವನು ನಾನು. ಯಾರ ಸೈಕಲ್ ಕೆಟ್ಟು ನಿಂತರೂ ಅಲ್ಲಿ ನಿಲ್ಲುವುದು ನನ್ನ ಕೆಲಸ. ಹಾಗಾಗಿ ಬೇರೆಯವರ ಟೂಲ್ ಬ್ಯಾಗ್ ಬಿಚ್ಚಿ ನೋಡಿದ್ದು ಜಾಸ್ತಿ. ಅವುಗಳಲ್ಲಿ ಟೂಲ್‌ಗೇನೂ ಕೊರತೆ ಇರುವುದಿಲ್ಲ. ಆ ಸೈಕಲ್‌ಗೆ ಹೊಂದುವ ಟೂಲ್ ಮಾತ್ರ ಇರುವುದಿಲ್ಲ. ಪಂಪಿನ ಬಾಯಿ ಒಂದು ಬಗೆ, ವಾಲ್ವ್ ಇನ್ನೊಂದು ಬಗೆ. ಡಿಸ್ಕ್ ಬೋಲ್ಟ್ ನಕ್ಷತ್ರದ ಆಕಾರದ್ದು, ಕೈಯಲ್ಲಿ ಬರೀ ಆರು ಮೂಲೆಯ ಅಲೆನ್ ಕೀ.

ಅದಕ್ಕೇ ಅಂಗಡಿಗೆ ಹೋಗುವ ಮೊದಲು ನಿಮ್ಮ ಸೈಕಲ್ ಮುಂದೆ ಕೂತುಕೊಳ್ಳಿ. ಹ್ಯಾಂಡಲ್, ಸೀಟು, ಬ್ರೇಕ್, ಗೇರ್, ಬಾಟಲಿ ಸ್ಟ್ಯಾಂಡ್, ಒಂದೊಂದೇ ಬೋಲ್ಟ್ ನೋಡಿ ಬರೆದುಕೊಳ್ಳಿ. 4, 5 ಮತ್ತು 6 ಮಿ.ಮೀ. ಅಲೆನ್ ಕೀಗೇ ಹೆಚ್ಚು ಕೆಲಸ ಬರುತ್ತದೆ. ಡಿಸ್ಕ್ ಹಿಡಿದಿರುವ ನಕ್ಷತ್ರದ ಬೋಲ್ಟ್ ಸಾಮಾನ್ಯವಾಗಿ ಟಿ25 ಅನ್ನುವ ಅಳತೆಯದ್ದು. ಗೇರ್ ಹೊಂದಿಸುವ ಚಿಕ್ಕ ತಿರುಪಿಗೆ ಸ್ಕ್ರೂಡ್ರೈವರ್ ಬೇಕು ಇಲ್ಲವೇ ಸಣ್ಣ ಅಲೆನ್ ಕೀ. ಚಕ್ರ ಲಿವರ್‌ನಿಂದ ಬಿಚ್ಚುವಂಥದ್ದಾದರೆ ಸರಿ. ನಟ್ ಇದ್ದರೆ ಅದರ ಅಳತೆಯ ಸ್ಪ್ಯಾನರ್ ಬ್ಯಾಗಿನಲ್ಲಿ ಇರಲೇಬೇಕು, ಇಲ್ಲವಾದರೆ ಟ್ಯೂಬ್ ಇದ್ದೂ ಪ್ರಯೋಜನವಿಲ್ಲ. ಈ ಪಟ್ಟಿಗೆ ಹೊಂದುವ ಮಲ್ಟಿಟೂಲ್ ಆರಿಸಿ. ಇಪ್ಪತ್ತು ಬಗೆ ಇದ್ದರೂ ಅದರ ಕೀಗಳು ಗಿಡ್ಡವಾಗಿ, ಆಳದಲ್ಲಿರುವ ಬೋಲ್ಟ್‌ಗೆ ತಲುಪದಿದ್ದರೆ ಸುಮ್ನೆ ಭಾರ.

ಮಲ್ಟಿಟೂಲ್‌ನ ಚೈನ್ ಕಟರ್ ದಾರಿಯ ಕೆಲಸಕ್ಕೆ ಸಾಕು. ಆದರೆ ಅದು ನಿಮ್ಮ ಚೈನ್‌ಗೆ ಆಗುತ್ತದಾ ಅಂತ ವಿಚಾರಿಸಿ. 8 ಗೇರ್‌ನ ಚೈನ್ ಹೊರಗಿಂದ ಹೊರಕ್ಕೆ ಸುಮಾರು 7 ಮಿ.ಮೀ. ಅಗಲ, 12 ಗೇರ್‌ನದ್ದು 5 ಮಿ.ಮೀ.ಗೆ ಸ್ವಲ್ಪ ಜಾಸ್ತಿ. ಹಳೆಯ ಕಟರ್‌ಗಳಲ್ಲಿ ತೆಳು ಚೈನ್ ಅಲ್ಲಾಡುತ್ತದೆ. ಮನೆಯಲ್ಲಿ ಹೊಸ ಚೈನ್ ಕತ್ತರಿಸಲು ಮಾತ್ರ ದೊಡ್ಡ ಹಿಡಿಯ ಕಟರ್ ಇಟ್ಟುಕೊಳ್ಳಿ, ಕೈಗೆ ಸುಲಭ.

ಕಟರ್‌ಗಿಂತ ಮೊದಲು ಬ್ಯಾಗಿಗೆ ಹೋಗಬೇಕಾದದ್ದು ಕ್ವಿಕ್ ಲಿಂಕ್, ಅಂದರೆ ಚೈನ್‌ನ ಎರಡು ತುದಿ ಕೂಡಿಸುವ, ಎರಡು ಭಾಗದ ಕೊಂಡಿ. ನಿಮಗೆ 9 ಗೇರ್‌ನದ್ದೇ ಬೇಕು, ಬೇರೆಯದು ನಡೆಯುವುದಿಲ್ಲ. ಒಂದು ಜೋಡಿ ಟೇಪಿನಲ್ಲಿ ಸುತ್ತಿ ಟೂಲ್‌ಗೇ ಅಂಟಿಸಿಬಿಡಿ, ಕಳೆದುಹೋಗುವುದಿಲ್ಲ. ಹಳೆ ಕಾಲದಲ್ಲಿ ಕಟರ್‌ನಿಂದ ಹೊರಗೆ ತಳ್ಳಿದ ಪಿನ್ನನ್ನೇ ಹಿಂದಕ್ಕೆ ಒತ್ತಿ ಕೂಡಿಸುತ್ತಿದ್ದರು. ಈಗಿನ ಗೇರ್ ಚೈನ್‌ಗಳಲ್ಲಿ ಪಿನ್ನಿನ ತುದಿಯನ್ನು ಬಡಿದು ಅಗಲ ಮಾಡಿರುತ್ತಾರೆ. ಒಮ್ಮೆ ಹೊರಗೆ ತಳ್ಳಿದರೆ ಆ ಹಿಡಿತ ಹೋಯಿತು. ಮತ್ತೆ ಒತ್ತಿ ಕೂರಿಸಿದರೂ ಏರಿನಲ್ಲಿ ಅಲ್ಲೇ ಬಿಟ್ಟುಕೊಳ್ಳುತ್ತದೆ.

ಇನ್ನು ಜೋಡಿಸುವ ಕ್ರಮ. ಚೈನ್‌ನಲ್ಲಿ ಒಂದು ಅಗಲದ ಕೊಂಡಿ, ಒಂದು ಒಳಗಿನ ಕಿರಿದಾದ ಕೊಂಡಿ, ಹೀಗೆ ಸಾಲಾಗಿ ಇರುತ್ತದೆ. ಕ್ವಿಕ್ ಲಿಂಕ್ ಅಂದರೆ ಒಂದು ಅಗಲದ ಕೊಂಡಿ. ಆದ್ದರಿಂದ ಎರಡೂ ತುದಿಯಲ್ಲಿ ಕಿರಿದಾದ ಕೊಂಡಿ ಉಳಿಯಬೇಕು. ಮುರಿದದ್ದು ಅಗಲದ ಕೊಂಡಿ ಮಾತ್ರ ಆಗಿದ್ದರೆ ಅದನ್ನು ತೆಗೆದು ಆ ಜಾಗಕ್ಕೆ ಇದನ್ನು ಹಾಕಿ, ಚೈನ್ ಗಿಡ್ಡ ಆಗುವುದಿಲ್ಲ. ಪಕ್ಕದ ಕಿರಿದಾದ ಕೊಂಡಿಯೂ ಬಾಗಿದ್ದರೆ ಅದನ್ನೂ, ಅದರಾಚೆಯ ಅಗಲದ್ದನ್ನೂ ತೆಗೆಯಬೇಕು. ಆಗ ಚೈನ್ ಒಂದು ಅಂಗುಲ ಗಿಡ್ಡ. ಆ ಸ್ಥಿತಿಯಲ್ಲಿ ಮುಂದೆ ದೊಡ್ಡ ಹಲ್ಲುಚಕ್ರ, ಹಿಂದೆಯೂ ದೊಡ್ಡ ಹಲ್ಲುಚಕ್ರ ಹಾಕಬೇಡಿ. ಚೈನ್ ಬಿಗಿದು ಹಿಂದಿನ ಗೇರ್ ಕಿತ್ತುಬರಬಹುದು.

ಕಟರ್‌ನಲ್ಲಿ ಚೈನ್ ಹಲ್ಲಿನ ಬುಡದವರೆಗೆ ಕೂರಬೇಕು. ಕಟರ್‌ನ ಮೊನೆ ಪಿನ್ನಿನ ನಡುಮಧ್ಯಕ್ಕೆ ಬಂದಿದೆಯಾ ನೋಡಿ, ಆಮೇಲೆ ನಿಧಾನಕ್ಕೆ ತಿರುಗಿಸಿ. ಓರೆಯಾಗಿ ಒತ್ತಿದರೆ ಬಾಗುವುದು ಕಟರ್‌ನ ಮೊನೆಯೇ. ಜೋಡಿಸುವಾಗ ಎರಡು ತುದಿಗಳು ಜಾರಿ ಹೋಗುವುದು ದೊಡ್ಡ ಕಾಟ. ಹಳೆ ಸ್ಪೋಕ್‌ನ ತುಂಡನ್ನು ಎರಡೂ ಕಡೆ ಕೊಕ್ಕೆ ಮಾಡಿ ಬ್ಯಾಗಿನಲ್ಲಿಡಿ. ಅದು ತುದಿಗಳನ್ನು ಹಿಡಿದುಕೊಳ್ಳುತ್ತದೆ, ನಿಮ್ಮ ಎರಡೂ ಕೈ ಖಾಲಿ. ಕ್ವಿಕ್ ಲಿಂಕ್ ಕೂರಿಸಿದ ಮೇಲೆ ಪೆಡಲ್ ತಿರುಗಿಸಿ ಅದನ್ನು ಚೈನ್‌ನ ಮೇಲಿನ ಸಾಲಿಗೆ ತನ್ನಿ. ಹಿಂದಿನ ಬ್ರೇಕ್ ಹಿಡಿದು ಪೆಡಲ್ ಜೋರಾಗಿ ಒತ್ತಿ. ಟಕ್ ಅಂತ ಬಿಗಿಯುತ್ತದೆ.

ತುಂಡಾಗಿದ್ದು ಯಾಕೆ ಅಂದರೆ, ಬಹುಮಟ್ಟಿಗೆ ನೀವೇ ಹೇಳಿದ ಆ ಕ್ಷಣ. ಪೂರ್ತಿ ಭಾರ ಹಾಕಿ ತುಳಿಯುವಾಗ ಗೇರ್ ಬದಲಾದರೆ ಚೈನ್ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಹೊರಗಿನ ಪಟ್ಟಿ ಪಿನ್ನಿನ ತುದಿಯಿಂದ ಕಳಚುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ನಡುವೆ ಇಳಿಸಲೇಬೇಕಾದರೆ ಒಂದು ಸುತ್ತು ಹಗುರವಾಗಿ ತುಳಿಯಿರಿ. ತುಂಡಾದ ಜಾಗ ನೋಡಿ ಹೇಳಿ, ಪಟ್ಟಿ ಹೊರಕ್ಕೆ ಬಾಗಿದೆಯಾ? ಹಾಗೆಯೇ ಚೈನ್ ಎಷ್ಟು ಸವೆದಿದೆ ಅಂತಲೂ ನೋಡಬೇಕು.

ಹಳೆಗಾಲಿ:

ನನ್ನದು ಗೇರ್ ಇಲ್ಲದ ಸೈಕಲ್. ಅಂಥವರೂ ಇದನ್ನು ಓದಬಹುದು ಅಂತ ಎರಡು ಮಾತು ಸೇರಿಸುತ್ತೇನೆ. ನಮ್ಮ ಚೈನ್ ಅಗಲ, ಅದನ್ನು ಕೂಡಿಸುವ ಕೊಂಡಿಗೆ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಕ್ಲಿಪ್‌ನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಂದಾಗಿ ಇರಬೇಕು, ತೆರೆದ ಬಾಯಿ ಹಿಂದಕ್ಕೆ. ತಿರುಗಾಮುರುಗಾ ಹಾಕಿದರೆ ಏನಾದರೂ ತಗುಲಿ ಕ್ಲಿಪ್ ಹಾರಿಹೋಗುತ್ತದೆ. ಕ್ಲಿಪ್ ಬಿಚ್ಚಲು ಚಿಕ್ಕ ಇಕ್ಕಳ ಸಾಕು, ಕಟರ್ ಬೇಡ. ಹಿಂದಿನ ಚಕ್ರದ ನಟ್‌ಗೆ 15 ಮಿ.ಮೀ. ಸ್ಪ್ಯಾನರ್ ಸಾಮಾನ್ಯ. ಅದೇ ಸ್ಪ್ಯಾನರ್ ಪೆಡಲ್‌ಗೂ ಆಗುತ್ತದೆ. ಎಡಗಡೆ ಪೆಡಲ್‌ನ ತಿರುಪಿನ ಮರೆ (ಥ್ರೆಡ್) ಉಲ್ಟಾ ಅನ್ನುವುದು ನೆನಪಿರಲಿ.

ಗಾಳಿಸವಾರ:

ಇಬ್ಬರಿಗೂ ಧನ್ಯವಾದ. ಕೊನೆಸಾಲು ಅವರೇ, ನೀವು ಹೇಳಿದ ಹಾಗೇ ಇದೆ. ಒಂದು ಪಟ್ಟಿ ಹೊರಕ್ಕೆ ಬಾಗಿ ಪಿನ್ ಬಿಟ್ಟಿದೆ, ಪಕ್ಕದ ಕೊಂಡಿಗಳು ಚೆನ್ನಾಗಿವೆ. ಸವೆತ ಅಳೆಯಲು ಗೇಜ್ ಇಲ್ಲ, ಬರೀ ಸ್ಕೇಲ್ ಇದೆ. ಆಗುತ್ತದಾ? ಎಣ್ಣೆ ವಿಷಯ ಕೂಡ ಸ್ವಲ್ಪ ಬಿಡಿಸಿ ಹೇಳಿ. ನಾನು ಕೆಲಸಕ್ಕೆ ಹೊರಡುವ ಮುಂಚೆ ಚೈನ್ ಮೇಲೆ ಉದ್ದಕ್ಕೂ ಸುರಿಯುತ್ತೇನೆ.

ಕೊನೆಸಾಲು:

ಸ್ಕೇಲ್ ಧಾರಾಳ ಸಾಕು. ಚೈನ್‌ನ ಪಿನ್ನಿಂದ ಪಿನ್ನಿಗೆ ಅರ್ಧ ಅಂಗುಲ. ಹಾಗಾಗಿ ಹೊಸ ಚೈನ್‌ನಲ್ಲಿ 24 ಕೊಂಡಿ ಸೇರಿದರೆ ಸರಿಯಾಗಿ 12 ಅಂಗುಲ. ಚೈನ್ ಬಿಗಿಯಾಗಿ ಹಿಡಿದು ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಡಿ. 24ನೇ ಕೊಂಡಿ ಮುಗಿಯುವ ಪಿನ್ 12ರ ಗೆರೆಯ ಮೇಲೇ ಇದ್ದರೆ ಚೆನ್ನಾಗಿದೆ. ಗೆರೆ ದಾಟಿ ಅಂಗುಲದ 1/16 ಭಾಗ ಹೋಗಿದ್ದರೆ ಬದಲಿಸುವ ಕಾಲ ಬಂತು. 1/8 ಹೋಗಿದ್ದರೆ ಕ್ಯಾಸೆಟ್‌ನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗುಂಪಿನ, ಹಲ್ಲುಗಳೂ ಸವೆದಿರುವ ಸಾಧ್ಯತೆ ಜಾಸ್ತಿ. ಉಕ್ಕಿನ ಪಟ್ಟಿ ಎಳೆದುಕೊಂಡು ಉದ್ದವಾಗುವುದಲ್ಲ ಇದು. ಪ್ರತಿ ಪಿನ್ ತಿರುಗುವ ಜಾಗ ಒಳಗಿಂದ ಸವೆಯುತ್ತದೆ, ಆ ಸವೆತವೆಲ್ಲ ಕೂಡಿ ಉದ್ದವಾಗಿ ಕಾಣುತ್ತದೆ.

ಎಣ್ಣೆ ಬೇಕಾಗಿರುವುದೂ ಅಲ್ಲೇ, ಒಳಗೆ. ಮೇಲೆ ಸುರಿದದ್ದು ಧೂಳನ್ನು ಹಿಡಿದುಕೊಳ್ಳುತ್ತದೆ. ಎಣ್ಣೆ, ಧೂಳು ಸೇರಿದ ಆ ಕಪ್ಪು ಪೇಸ್ಟ್ ಉಪ್ಪುಕಾಗದದ ಹಾಗೆ ಚೈನ್ ತಿನ್ನುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಚೈನ್ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ ಕೊಳೆ ತೆಗೆಯಿರಿ. ಆಮೇಲೆ ಕೆಳಗಿನ ಸಾಲಿನ ಒಳಬದಿಯಲ್ಲಿ ಒಂದೊಂದು ರೋಲರ್‌ಗೂ (ಪಿನ್ನಿನ ಸುತ್ತ ತಿರುಗುವ ಉರುಳೆ) ಒಂದೊಂದೇ ಹನಿ. ತಾಳ್ಮೆ ಬೇಕು ನಿಜ. ಸ್ವಲ್ಪ ಹೊತ್ತು ತಿರುಗಿಸಿ, ಇಳಿಯಲು ಬಿಡಿ, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸಿ. ಹೊರಡುವ ಮುಂಚೆ ಬೇಡ, ಹಿಂದಿನ ರಾತ್ರಿಯೇ ಮಾಡಿ. ಚೈನ್ ಎಣ್ಣೆಯಲ್ಲಿ ಮಳೆಗಾಲಕ್ಕೆ ವೆಟ್ ಲ್ಯೂಬ್, ಧೂಳಿನ ಕಾಲಕ್ಕೆ ಡ್ರೈ ಲ್ಯೂಬ್. ಮಳೆಯಲ್ಲಿ ನೆನೆದು ಬಂದ ದಿನ ಚೈನ್ ಒರೆಸಿ, ಒಣಗಿಸಿ, ಮತ್ತೆ ಹನಿ ಹಾಕಲೇಬೇಕು. ತುಕ್ಕು ಬಿಡಿಸುವ ಸ್ಪ್ರೇ ಇದಕ್ಕೆ ಆಗುವುದಿಲ್ಲ, ಅದು ಬೇಗ ಆರಿಹೋಗುತ್ತದೆ. ಮೇಲಾಗಿ ನಿಮ್ಮದು ಡಿಸ್ಕ್ ಬ್ರೇಕ್. ಸ್ಪ್ರೇ ಹಾರಿ ಡಿಸ್ಕ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ. ಡಿಸ್ಕ್ ಮೇಲೆ ಬಿದ್ದದ್ದನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಬಹುದು. ಎಣ್ಣೆ ಕುಡಿದ ಬ್ರೇಕ್ ಪ್ಯಾಡ್ ಮಾತ್ರ ಬದಲಿಸಬೇಕಾಗುತ್ತದೆ.

ಪಂಕ್ಚರ್ ಸಾಮಾನು ಇದೆ ಅಂದಿರಿ, ಆದರೂ ಒಮ್ಮೆ ಬಿಚ್ಚಿ ನೋಡಿ. ಅಂಟಿನ ಟ್ಯೂಬ್ ಒಮ್ಮೆ ತೆರೆದರೆ ಒಳಗೇ ಒಣಗಿಬಿಡುತ್ತದೆ. ದಾರಿಯಲ್ಲಿ ಪ್ಯಾಚ್ ಹಾಕುತ್ತಾ ಕೂರುವ ಬದಲು ಸ್ಪೇರ್ ಟ್ಯೂಬ್ ಹಾಕಿ ಹೊರಡಿ, ಪ್ಯಾಚ್ ಕೆಲಸ ಮನೆಯಲ್ಲಿ. ಹೊಸ ಟ್ಯೂಬ್ ತೂರಿಸುವ ಮೊದಲು ಟೈರಿನ ಒಳಗೆ ಬಟ್ಟೆ ಆಡಿಸಿ, ಮುಳ್ಳು ಅಲ್ಲೇ ಇದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಬ್ರೇಕ್ ಹೈಡ್ರಾಲಿಕ್ (ತಂತಿಯ ಬದಲು ದ್ರವದ ಒತ್ತಡದಿಂದ ನಡೆಯುವಂಥದ್ದು) ಆಗಿದ್ದರೆ ಚಕ್ರ ಹೊರಗಿರುವಾಗ ಲಿವರ್ ಒತ್ತಬೇಡಿ, ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ. ನಡುವೆ ಒಂದು ರಟ್ಟಿನ ತುಂಡು ಸಿಕ್ಕಿಸಿ.

ಗಾಳಿಸವಾರ:

ಅಳೆದೆ. 12 ದಾಟಿ 1/16ಕ್ಕಿಂತ ಸ್ವಲ್ಪ ಜಾಸ್ತಿ ಇದೆ, 1/8 ಮುಟ್ಟಿಲ್ಲ. ಹಾಗಾದರೆ ಹೊಸ ಚೈನ್ ತರುತ್ತೇನೆ. ಕ್ಯಾಸೆಟ್ ಕೂಡ ಬದಲಿಸಬೇಕಾ?

ಕೊನೆಸಾಲು:

ಮೊದಲು ಚೈನ್ ಮಾತ್ರ ಹಾಕಿ. ಆಮೇಲೆ ವಾಹನ ಇಲ್ಲದ ರಸ್ತೆಯಲ್ಲಿ ಒಂದೊಂದೇ ಗೇರ್‌ನಲ್ಲಿ ಕೂತೇ ಜೋರಾಗಿ ತುಳಿದು ನೋಡಿ. ಯಾವ ಗೇರ್‌ನಲ್ಲೂ ಚೈನ್ ಜಾರದಿದ್ದರೆ ಕ್ಯಾಸೆಟ್ ಇನ್ನೂ ನಡೆಯುತ್ತದೆ. ಜಾರಿದರೆ ನೀವು ಜಾಸ್ತಿ ಬಳಸುವ ಹಲ್ಲುಚಕ್ರದಲ್ಲೇ ಜಾರುವುದು, ಆಗ ಬದಲಿಸಿ.

ಹೊಸ ಚೈನ್‌ನ ಉದ್ದವನ್ನು ಹಳೆಯದರ ಪಕ್ಕ ಇಟ್ಟು ಅಳೆಯಬೇಡಿ, ಹಳೆಯದು ಸವೆದು ಉದ್ದವಾಗಿದೆ ಅಲ್ವಾ. ಕೊಂಡಿ ಎಣಿಸಿ ಕತ್ತರಿಸಿ, ಕಳಚಿದ ಆ ಕೊಂಡಿಯನ್ನೂ ಲೆಕ್ಕಕ್ಕೆ ಸೇರಿಸಿ. ಮಿಕ್ಕ ತುಂಡು ಬ್ಯಾಗಿಗೆ ಹೋಗಲಿ, ಮುಂದೆ ಎಂದಾದರೂ ಕಿರಿದಾದ ಕೊಂಡಿ ಬಾಗಿದಾಗ ಬೇಕಾಗುತ್ತದೆ. ಹಳೆ ಚೈನ್ ಸದ್ಯಕ್ಕೆ ಎಸೆಯಬೇಡಿ. ಹೊಸ ಕಟರ್ ಬಂದ ಮೇಲೆ ಅದರ ಮೇಲೆ ಪಿನ್ ತಳ್ಳಿ, ಕ್ವಿಕ್ ಲಿಂಕ್ ಹಾಕಿ ತೆಗೆದು ಕೈ ಪಳಗಿಸಿಕೊಳ್ಳಿ. ತೆಗೆಯಲು ಪ್ಲೈಯರ್ ಇಲ್ಲದಿದ್ದರೆ ಶೂ ಲೇಸನ್ನು ಲಿಂಕ್‌ನ ಎರಡೂ ಬದಿಯ ರೋಲರ್‌ಗಳ ಹಿಂದಿನಿಂದ ತಂದು ಗಂಟಿನ ಹಾಗೆ ಹೆಣೆದು ಎರಡೂ ಕಡೆ ಎಳೆಯಿರಿ, ಬಿಟ್ಟುಕೊಳ್ಳುತ್ತದೆ.